ಅನುದಾನ ಕೇಳುವ ಮೊದಲು ಸಂಘದ ಕಡತ ಸರಿಮಾಡಿಕೊಳ್ಳುವುದು ಹೇಗೆ?

ಅರಸೀಕೆರೆ ಕಡೆ ಕೆರೆ ಹೂಳೆತ್ತಿಸಬೇಕು, ಮೂಡಿಗೆರೆ ಕಡೆ ಸರ್ಕಾರಿ ಶಾಲೆಗೆ ಶೌಚಾಲಯ ಕಟ್ಟಿಸಬೇಕು ಎಂದು ಸಂಘಗಳು ಹತ್ತಾರು ಪುಟದ ಪ್ರಸ್ತಾವನೆ ಬರೆದು ಕಳಿಸುತ್ತವೆ. ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದವರು ಮೊದಲು ತೆರೆಯುವುದು ಲಗತ್ತುಗಳನ್ನು. ನೋಂದಣಿ ಪತ್ರ, ಪ್ಯಾನ್ ಕಾರ್ಡ್, ರದ್ದು ಮಾಡಿದ ಚೆಕ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಹೆಸರು ತಾಳೆಯಾಗದಿದ್ದರೆ ಪ್ರಸ್ತಾವನೆ ಓದುವ ಗೋಜಿಗೆ ಹೋಗುವವರು ಕಡಿಮೆ.

ಹೆಸರಿನ ತಕರಾರು

ಬೈಲಾ (ಸಂಘದ ನಿಯಮಾವಳಿ) ಕನ್ನಡದಲ್ಲಿ, ಪ್ಯಾನ್ ಇಂಗ್ಲಿಷಿನಲ್ಲಿ. ‘ಗ್ರಾಮೀಣಾಭಿವೃದ್ಧಿ ಸಂಘ (ರಿ.)’ ಎಂಬುದನ್ನು ಸೈಬರ್ ಸೆಂಟರಿನಲ್ಲಿ ಒಮ್ಮೆ ಕೂಡಿಸಿ, ಒಮ್ಮೆ ಬಿಡಿಸಿ ಟೈಪ್ ಮಾಡಿರುತ್ತಾರೆ, ಒಂದರಲ್ಲಿ ‘ದ್ಧಿ’ಗೆ ಎಚ್ ಇದೆ, ಇನ್ನೊಂದರಲ್ಲಿ ಇಲ್ಲ. ಇದಕ್ಕಿಂತ ಕಾಡುವುದು ಆ ‘ರಿ’. ಕೆಲವರ ಪ್ಯಾನ್‌ನಲ್ಲಿ ಅದು ‘ಆರ್’ ಆಗಿ ಹೆಸರಿನೊಳಗೇ ಸೇರಿಕೊಂಡಿರುತ್ತದೆ, ಬ್ಯಾಂಕಿನಲ್ಲಿ ಇರುವುದಿಲ್ಲ. ಕಾರ್ಯಕಾರಿ ಸಮಿತಿಯಲ್ಲಿ ಇಂಗ್ಲಿಷ್ ಕಾಗುಣಿತ ಇದೇ ಎಂದು ಠರಾವು ಮಾಡಿ, ನೋಂದಣಿ ಪತ್ರವನ್ನು ಮೂಲವಾಗಿ ಹಿಡಿದು ಮೊದಲು ಪ್ಯಾನ್ ತಿದ್ದಿಸಿ, ಆಮೇಲೆ ಬ್ಯಾಂಕಿಗೆ ಹೋಗಿ. ನೋಂದಣಿ ಪತ್ರವನ್ನೇ ತಿದ್ದಿಸಲು ಹೊರಟರೆ ಮಹಾಸಭೆ, ವಿಶೇಷ ಠರಾವು, ನೋಂದಣಾಧಿಕಾರಿಯ ಒಪ್ಪಿಗೆ ಎಂದು ತಿಂಗಳುಗಟ್ಟಲೆ ಅಲೆಯಬೇಕು. ಚಿಕ್ಕಮಗಳೂರಿನವರಿಗೆ ಇನ್ನೊಂದು ಉಪದ್ರವ: 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರು ಬದಲಾಗಿದ್ದರಿಂದ ಹಳೆಯ ಕಾಗದಗಳಲ್ಲಿ ಒಂದು ಕಾಗುಣಿತ, ಹೊಸದರಲ್ಲಿ ಇನ್ನೊಂದು. ವಿಳಾಸದಲ್ಲಿದ್ದರೆ ಒಂದು ಸಾಲಿನ ವಿವರಣೆ ಸಾಕು. ಸಂಘದ ಹೆಸರಿನಲ್ಲೇ ಇದ್ದರೆ ಎಲ್ಲ ಕಡೆ ಹಳೆಯದನ್ನೇ ಇಟ್ಟುಕೊಳ್ಳಿ.

ನವೀಕರಣ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಸೆಕ್ಷನ್ 13ರ ಪ್ರಕಾರ ವಾರ್ಷಿಕ ಮಹಾಸಭೆಯಾದ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕವನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಕಚೇರಿ ಸಹಕಾರ ಇಲಾಖೆಯದೇ. ಜನ ಇದನ್ನೇ ‘ನವೀಕರಣ’ ಅನ್ನುತ್ತಾರೆ. ನಾಲ್ಕು ವರ್ಷ ಬಾಕಿ ಇದ್ದರೆ ನಾಲ್ಕು ವರ್ಷದ್ದನ್ನೂ ಪ್ರತ್ಯೇಕವಾಗಿ ಕೊಟ್ಟು ದಂಡಶುಲ್ಕ ಕಟ್ಟಬೇಕು.

ಇಲ್ಲಿ ಜಾಣತನ ಮಾಡಲು ಹೋಗಿ ಸಿಕ್ಕಿಬೀಳುವವರಿದ್ದಾರೆ. ಒಂದೇ ಕೂತಲ್ಲಿ, ಒಂದೇ ಪೆನ್ನಿನಲ್ಲಿ ನಾಲ್ಕು ವರ್ಷದ ನಡಾವಳಿ ಬರೆದು ಹಿಂದಿನ ತಾರೀಖು ಹಾಕುತ್ತಾರೆ. ಆದರೆ 2019ರಿಂದೀಚೆಗೆ ಚಾರ್ಟರ್ಡ್ ಅಕೌಂಟೆಂಟ್ ಸಹಿ ಮಾಡುವ ಆಡಿಟ್ ವರದಿಗೆ ಯುಡಿಐಎನ್ ಎಂಬ ಗುರುತಿನ ಸಂಖ್ಯೆ ಕಡ್ಡಾಯ, ಅದನ್ನು ಯಾರು ಬೇಕಾದರೂ ಆನ್‌ಲೈನಿನಲ್ಲಿ ಪರಿಶೀಲಿಸಬಹುದು, ಹಿಂದಿನ ತಾರೀಖು ಹಾಕಿದ್ದು ಅಲ್ಲಿ ಬಯಲಾಗುತ್ತದೆ. ತಡವಾಗಿದ್ದರೆ ತಡವಾಗಿದೆ ಎಂದೇ ತೋರಿಸಿ. ತಡವನ್ನು ಕಂಪನಿಗಳು ಕ್ಷಮಿಸುತ್ತವೆ, ತಿದ್ದಿದ ತಾರೀಖನ್ನು ಕ್ಷಮಿಸುವುದಿಲ್ಲ.

ಬೈಲಾದಲ್ಲಿ ಏನಿರಬೇಕು?

ಎರಡು ಅಂಶ ನೋಡಿ. ಸಂಘ ವಿಸರ್ಜನೆಯಾದರೆ ಆಸ್ತಿ ಸದಸ್ಯರಿಗೆ ಹಂಚಿಕೆಯಾಗದೆ ಅದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗುತ್ತದೆ ಎಂಬ ಕಲಮು ಇರಬೇಕು. ಹಳೆಯ ಬೈಲಾಗಳಲ್ಲಿ ಇದು ಇಲ್ಲದೆ, ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ 12ಎ ನೋಂದಣಿಯ ಅರ್ಜಿ ವಾಪಸಾಗುತ್ತದೆ. ಎರಡನೆಯದು, ಫಲಾನುಭವಿಗಳು ಯಾರು ಎಂಬುದು. ನಮ್ಮ ಜಿಲ್ಲೆಗಳಲ್ಲಿ ಜಾತಿ ಸಂಘಗಳಿಗೆ ಕೊರತೆಯಿಲ್ಲ. ವಿದ್ಯಾರ್ಥಿನಿಲಯ, ಸಮುದಾಯ ಭವನ ಕಟ್ಟಿದ ಒಳ್ಳೆಯ ಸಂಘಗಳೂ ಇವೆ. ಆದರೆ ‘ನಮ್ಮ ಜನಾಂಗದವರ ಏಳಿಗೆಗಾಗಿ’ ಎಂದು ಬೈಲಾದಲ್ಲಿದ್ದರೆ, ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಸಿಗದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳಿಗಾಗಿ ಎಂದಿದ್ದರೆ ಅಡ್ಡಿಯಿಲ್ಲ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ, ಪರಿಶಿಷ್ಟ ಪಂಗಡಕ್ಕೆ ಸೇರಿದ ಹಕ್ಕಿಪಿಕ್ಕಿ ಕುಟುಂಬಗಳ ಜೊತೆ ಕೆಲಸ ಮಾಡುವ ಸಂಸ್ಥೆಗೆ ಈ ತೊಡಕು ಬರುವುದಿಲ್ಲ.

ಯಾವುದರ ನಂತರ ಯಾವುದು?

ಪ್ಯಾನ್, ಬ್ಯಾಂಕ್ ಖಾತೆ, 12ಎ ಮತ್ತು 80ಜಿ, ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ನೋಂದಣಿ, ಕೊನೆಗೆ ಸಿಎಸ್‌ಆರ್-1 (ಸಿಎಸ್‌ಆರ್ ಹಣ ಪಡೆಯಲು ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಮಾಡಿಸುವ ನೋಂದಣಿ). 12ಎ, 80ಜಿ ಎಂಬುವು 1961ರ ಆದಾಯ ತೆರಿಗೆ ಕಾಯ್ದೆಯ ಸಂಖ್ಯೆಗಳು. 2026ರ ಏಪ್ರಿಲ್ 1 ಜಾರಿ ದಿನಾಂಕವಾಗಿರುವ 2025ರ ಕಾಯ್ದೆಯಲ್ಲಿ ಸಂಖ್ಯೆ ಬೇರೆ, ಮಾತಿನಲ್ಲಿ ಇವೇ ಉಳಿದಿವೆ.

12ಎ, 80ಜಿ ಎರಡರಲ್ಲೂ ಹೊಸ ಸಂಸ್ಥೆಗೆ ಮೊದಲು ಸಿಗುವುದು ಮೂರು ವರ್ಷದ ತಾತ್ಕಾಲಿಕ ನೋಂದಣಿ. ಮೂರು ವರ್ಷ ಇದೆಯಲ್ಲ ಎಂದು ಕೂರುವುದೇ ತಪ್ಪು. ಚಟುವಟಿಕೆ ಶುರುವಾದ ಆರು ತಿಂಗಳೊಳಗೆ, ಅಥವಾ ಅವಧಿ ಮುಗಿಯಲು ಆರು ತಿಂಗಳಿರುವಾಗ, ಯಾವುದು ಮೊದಲೋ ಆಗ ನಿಯಮಿತ (ರೆಗ್ಯುಲರ್) ನೋಂದಣಿಗೆ ಅರ್ಜಿ ಹಾಕಬೇಕು. 2021ರಲ್ಲಿ ಐದು ವರ್ಷಕ್ಕೆ ಮರುನೋಂದಣಿಯಾದ ಹಳೆಯ ಸಂಸ್ಥೆಗಳ ಅವಧಿ 2026ರ ಮಾರ್ಚ್ 31ರವರೆಗೆ ಮಾತ್ರ. ಆದೇಶದ ಪ್ರತಿ ತೆಗೆದು ಕೊನೆಯ ತಾರೀಖು ನೋಡಿ.

ಸಿಎಸ್‌ಆರ್-1 ಸಂಖ್ಯೆ ಸಿಕ್ಕಿತೆಂದರೆ ಅರ್ಹತೆ ಬಂತು ಎಂದಲ್ಲ. ಕಂಪನಿಯೇ ಕಟ್ಟಿಕೊಂಡ ಸಂಸ್ಥೆಯಲ್ಲದಿದ್ದರೆ ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕು. ನೋಂದಣಿಯಾಗಿ ಹತ್ತು ವರ್ಷವಾಗಿದ್ದರೂ ರಾಜ್ಯೋತ್ಸವ, ಕ್ರೀಡಾಕೂಟ ಬಿಟ್ಟು ಬೇರೇನೂ ಮಾಡಿರದ ಯುವಕ ಸಂಘ ಕೆರೆ ಕೆಲಸಕ್ಕೆ ಹಣ ಕೇಳಿದರೆ ಕೊಡುವುದು ಕಷ್ಟ. ಸ್ಥಳೀಯ ದೇಣಿಗೆಯಲ್ಲಿ ಐವತ್ತು ಸಾವಿರದ ಕೆಲಸ ಮಾಡಿದರೂ ಸರಿ, ಅದು ಆಡಿಟ್ ಲೆಕ್ಕದಲ್ಲಿ ಪ್ರತ್ಯೇಕ ಸಾಲಾಗಿ ಕಾಣಬೇಕು. ಸ್ತ್ರೀಶಕ್ತಿ ಗುಂಪಿನಂತೆ ನೋಂದಣಿಯಿಲ್ಲದ ಗುಂಪಾದರೆ ನೋಂದಾಯಿತ ಸಂಸ್ಥೆಯೊಂದರ ಜೊತೆ ಸೇರಿಯೇ ಹೋಗಬೇಕು.

ವಿದೇಶದಲ್ಲಿರುವ ಊರಿನವರ ಹಣದ ಬಗ್ಗೆ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಸ್ವಂತ ದುಡ್ಡನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಾಗದು. ಬೇರೆ ದೇಶದ ಪೌರತ್ವ ಪಡೆದವರಿಂದ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ.

ಜಾಗ ಯಾರದು?

ಕೆರೆಯ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದು 2,000 ಹೆಕ್ಟೇರಿನ ಒಳಗಿದ್ದರೆ ಸಣ್ಣ ನೀರಾವರಿ ಇಲಾಖೆ, 40ಕ್ಕಿಂತ ಕಡಿಮೆಯಿದ್ದರೆ ಪಂಚಾಯತ್ ವ್ಯವಸ್ಥೆ. ಗ್ರಾಮ ಪಂಚಾಯಿತಿಯ ಠರಾವು ಎರಡಕ್ಕೂ ಇಟ್ಟುಕೊಂಡಿರಿ. ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವು ಮತ್ತು ಶಿಕ್ಷಣ ಇಲಾಖೆಯ ಲಿಖಿತ ಒಪ್ಪಿಗೆ. ಸಕಲೇಶಪುರ, ಆಲೂರು ಕಡೆ ಅರಣ್ಯದಂಚಿನ ಜಾಗವಾದರೆ ಸರ್ವೆ ನಂಬರ್ ಯಾರ ಹೆಸರಿನಲ್ಲಿದೆ ಎಂದು ಪಹಣಿ ತೆಗೆದು ನೋಡದೆ ಬಜೆಟ್ ಬರೆಯಬೇಡಿ.

ದುಡ್ಡು ಬಂದ ಮೇಲೆ

ಕಂಪನಿಗಳು ವರ್ಷದ ಕೊನೆಗೆ, ಫೆಬ್ರವರಿ–ಮಾರ್ಚ್‌ನಲ್ಲಿ ಹಣ ಬಿಡುವುದು ಸಾಮಾನ್ಯ. ನಿಮ್ಮ ಖಾತೆಗೆ ಹಾಕಿದ ಮಾತ್ರಕ್ಕೆ ಕಂಪನಿಯ ಲೆಕ್ಕದಲ್ಲಿ ಅದು ಖರ್ಚಾದಂತಲ್ಲ. ಮಾರ್ಚ್ 31ರೊಳಗೆ ನೀವು ಖರ್ಚು ಮಾಡಿ ತೋರಿಸಬೇಕು. ಮಲೆನಾಡಿನಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಕಟ್ಟಡ ಕೆಲಸ ಕುಂಟುತ್ತದೆ, ಹೂಳೆತ್ತಲು ಕೆರೆ ಒಣಗುವುದು ಬೇಸಿಗೆಯಲ್ಲಿ ಮಾತ್ರ. ಆದ್ದರಿಂದ ಕೆರೆ ಕೆಲಸವನ್ನು ಬಹುವರ್ಷದ ‘ಚಾಲ್ತಿ ಯೋಜನೆ’ ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಮಾರ್ಚ್ 20ಕ್ಕೆ ಹಣ ಬಂದು 31ಕ್ಕೆ ಬಳಕೆ ಪ್ರಮಾಣಪತ್ರ ಕೇಳಿದಾಗ ಸುಳ್ಳು ಬಿಲ್ಲಿನ ಹಾದಿ ಹಿಡಿಯುವ ಸಂಘಗಳು ಮುಂದಿನ ಸಲ ಲೆಕ್ಕಕ್ಕೆ ಬರುವುದಿಲ್ಲ.

ಯೋಜನೆಗೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಒಂದು ದಿನದಲ್ಲಿ ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆಯವರು ಅದನ್ನು ಖರ್ಚೆಂದು ಒಪ್ಪುವುದಿಲ್ಲ. ಜೆಸಿಬಿಯವರು ಲೆಟರ್‌ಹೆಡ್ ಮೇಲೆ ‘40 ಗಂಟೆ’ ಎಂದಷ್ಟೇ ಬರೆದುಕೊಟ್ಟರೆ ಸಾಲದು: ಗಾಡಿ ನಂಬರ್, ದಿನವಾರು ಗಂಟೆ, ಸ್ಥಳದಲ್ಲಿದ್ದವರ ಸಹಿ ಇರುವ ಲಾಗ್‌ಶೀಟ್, ಪ್ಯಾನ್, ಟಿಡಿಎಸ್ ಕಡಿತ ಬೇಕು. ಕೈಬರಹದ ರಸೀದಿ 5,000 ದಾಟಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಹಾಕಿಸಿ. ಕೇಂದ್ರ ಸರ್ಕಾರದ ಅನುದಾನವಾದರೆ ಖಾತೆಯಲ್ಲಿ ಬಂದ ಬಡ್ಡಿಯೂ ನಿಮ್ಮದಲ್ಲ, ವಾಪಸು ಕಟ್ಟಬೇಕು.

80ಜಿ ಇರುವ ಸಂಸ್ಥೆ ಪಡೆದ ದೇಣಿಗೆಗಳ ವಿವರವನ್ನು ಮೇ 31ರೊಳಗೆ 1961ರ ಕಾಯ್ದೆಯ ಫಾರಂ 10ಬಿಡಿಯಲ್ಲಿ ಸಲ್ಲಿಸಬೇಕು. ತಪ್ಪಿದರೆ ದಿನಕ್ಕೆ 200 ರೂಪಾಯಿ. ದಾನಿಗೆ ಕೊಡುವ 10ಬಿಇ ಪ್ರಮಾಣಪತ್ರ ಹುಟ್ಟುವುದೇ ಇದರಿಂದ.