ಪ್ಯಾರಿಸ್ ನೋಡ್ತಿರುವಾಗ ಕಣ್ಣೆದುರೇ ಗಲಾಟೆ ಶುರುವಾದ್ರೆ ಏನ್ ಮಾಡೋದು

ಯುರೋಪ್ ಟೂರ್ ಅಂದ್ಮೇಲೆ ಪ್ಯಾರಿಸ್ ಇದ್ದೇ ಇರುತ್ತೆ, ಪ್ಯಾರಿಸ್ ಅಂದ್ಮೇಲೆ ಆರ್ಕ್ ದ ಟ್ರಿಯಾಂಫ್ ಅನ್ನೋ ದೊಡ್ಡ ಕಮಾನಿನ ಮುಂದೆ ಒಂದು ಫ್ಯಾಮಿಲಿ ಫೋಟೋನೂ ಗ್ಯಾರಂಟಿ. ತೊಂದ್ರೆ ಏನಪ್ಪಾ ಅಂದ್ರೆ ಅಲ್ಲಿನವರು ಸಿಟ್ಟಿಗೂ ಖುಷಿಗೂ ಕೆಲವು ಸಲ ಸೇರೋದು ಅದೇ ಜಾಗದಲ್ಲಿ. 2018ರ ನವೆಂಬರ್‌ನಲ್ಲಿ ಪೆಟ್ರೋಲ್ ಡೀಸೆಲ್ ಟ್ಯಾಕ್ಸ್ ವಿರುದ್ಧ ಹಳದಿ ಜಾಕೆಟ್ ಹೋರಾಟ ಶುರುವಾಯ್ತಲ್ಲ, ಡಿಸೆಂಬರ್ 1ಕ್ಕೆ ಕೆಲವರು ಆ ಕಮಾನಿನ ಒಳಗೇ ನುಗ್ಗಿ ಮಾರಿಯಾನ್ ಅಂತ ಕರೆಯೋ ಪ್ರತಿಮೆ ಮುಖ ಒಡೆದು ಹಾಕಿದ್ರು, ಮುಂದಿನ ಶನಿವಾರ ಐಫೆಲ್ ಟವರ್, ಲೂವ್ರ್ ಮ್ಯೂಸಿಯಂ ಎರಡೂ ಬಾಗಿಲು ಹಾಕಿದ್ವು. 2025ರ ಮೇ 31ಕ್ಕೆ ಪ್ಯಾರಿಸ್‌ನ ಫುಟ್‌ಬಾಲ್ ಟೀಮ್ ಪಿಎಸ್‌ಜಿ ಚಾಂಪಿಯನ್ಸ್ ಲೀಗ್ ಗೆದ್ದ ರಾತ್ರಿನೂ ಕಮಾನಿನ ಮುಂದಿನ ದೊಡ್ಡ ರಸ್ತೆ ಷಾಂಜೆಲಿಜೆಯಲ್ಲಿ ಟಿಯರ್ ಗ್ಯಾಸ್ ಹೊಡೆದ್ರು.

ಹಾಗಂತ ಹೆದ್ರಿಕೊಂಡು ರೂಮಲ್ಲಿ ಕೂರೋದೇನೂ ಬೇಡ. ಅಲ್ಲಿ ಪ್ರತಿಭಟನೆ ಮಾಡೋರು ಕನಿಷ್ಠ 3 ದಿನ ಮುಂಚೆ ಪೊಲೀಸರಿಗೆ ಬರೆದು ಕೊಡ್ಬೇಕು, ಎಷ್ಟೋ ಸಲ ರೂಟ್ ರಿಪಬ್ಲಿಕ್, ಬಾಸ್ಟಿಲ್, ನಾಸಿಯೋಂ ಅನ್ನೋ ಸರ್ಕಲ್‌ಗಳ ಕಡೆ ಇರುತ್ತೆ. ಬೆಳಿಗ್ಗೆ ತಿಂಡಿ ತಿನ್ನೋವಾಗ ಹೋಟೆಲ್ ರಿಸೆಪ್ಷನ್‌ನಲ್ಲಿ "ಇವತ್ತು ಮಾನಿಫ್ ಇದ್ಯಾ, ಎಲ್ಲಿ" ಅಂತ ಕೇಳಿದ್ರೆ ಸಾಕು, ಮಾನಿಫ್ ಅಂದ್ರೆ ಅಲ್ಲಿನವರ ಮಾತಲ್ಲಿ ಪ್ರತಿಭಟನೆ. ಮೇ 1ಕ್ಕಂತೂ ಪ್ರತಿ ವರ್ಷ ಇರುತ್ತೆ, ಕೇಳೋದೇ ಬೇಡ. ಮುಕ್ಕಾಲು ಪಾಲು ಮೆರವಣಿಗೆ ನಮ್ಮೂರ ಜಾತ್ರೆ ಥರಾನೇ, ಯೂನಿಯನ್‌ನೋರ ದೊಡ್ಡ ದೊಡ್ಡ ಬಲೂನು, ಪಕ್ಕದಲ್ಲಿ ಸಾಸೇಜ್ ಸುಡೋ ಹೊಗೆ, ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡ ಅಪ್ಪಂದಿರು. ಕಿರಿಕ್ ಆಗೋದು ಸಾಮಾನ್ಯವಾಗಿ ಎರಡು ಕಡೆ: ಬ್ಯಾನರ್‌ಗಿಂತ ಮುಂದೆ ಕಪ್ಪು ಬಟ್ಟೆ ಹಾಕ್ಕೊಂಡು ಹೋಗೋ ಗುಂಪಲ್ಲಿ, ಮತ್ತೆ ಸಂಜೆ ಎಲ್ಲರೂ ಚದುರೋ ಹೊತ್ತಲ್ಲಿ.

ಗಲಾಟೆ ಬರೋ ಮುಂಚೆನೇ ಗೊತ್ತಾಗುತ್ತೆ. ಅಂಗಡಿ ಗಾಜಿಗೆ ಪ್ಲೈವುಡ್ ಹೊಡೆದಿದಾರಾ, ಸಂದಿಲಿ ಪೊಲೀಸ್ ವ್ಯಾನ್ ಸಾಲಾಗಿ ನಿಂತಿದ್ಯಾ ನೋಡಿ. ನಾನು ಗಮನಿಸೋದು ಹೆಲ್ಮೆಟ್ಟು. ಪೊಲೀಸರು ಹೆಲ್ಮೆಟ್ನ ಸೊಂಟಕ್ಕೆ ನೇತಾಕ್ಕೊಂಡು ಹರಟೆ ಹೊಡೀತಿದ್ರೆ ನೀವೂ ಐಸ್‌ಕ್ರೀಮ್ ತಿನ್ಕೊಂಡು ಹೋಗ್ಬಹುದು, ಒಬ್ಬೊಬ್ಬರೇ ತಲೆಗೆ ಹಾಕ್ಕೊಂಡು ಮುಖದ ಗಾಜು ಇಳಿಸೋಕೆ ಶುರು ಮಾಡಿದ್ರಾ, ಸೆಲ್ಫಿ ಸಾಕು, ಹೊರಡಿ.

ಈಗ ನಮ್ಮವರ ಮಾಮೂಲಿ ಚಾಳಿ, "ಏನಾಗ್ತಿದೆ ನೋಡೇ ಬಿಡೋಣ ಇರು" ಅಂತ ಮೊಬೈಲ್ ಎತ್ತಿ ನಿಂತ್ಕೊಳ್ಳೋದು. ಪ್ರತಿಭಟನೆಗಿಂತ ಇದೇ ಡೇಂಜರ್. ಪೊಲೀಸರು ಮೈಕಲ್ಲಿ ಚದುರಿ ಅಂತ ಕೂಗ್ತಾರೆ, ಕೆಲವು ಸಲ ಕೆಂಪು ರಾಕೆಟ್ ಹಾರಿಸ್ತಾರೆ, ಅದಾದ್ಮೇಲೂ ಅಲ್ಲೇ ಇದ್ರೆ ಕಾನೂನು ಪ್ರಕಾರ 1 ವರ್ಷ ಜೈಲು, 15,000 ಯೂರೋ ದಂಡದವರೆಗೂ ಹೋಗ್ಬಹುದು, ಫ್ರೆಂಚ್ ಬರಲ್ಲ ಸಾರ್ ಅಂತ ಆಮೇಲೆ ಹೇಳ್ಕೊಂಡು ಕೂರೋ ಪರಿಸ್ಥಿತಿ ಯಾಕೆ ಬೇಕು. ಹೊಗೆ ಬಂತು ಅಂತ ದುಪಟ್ಟಾನೋ ಮಫ್ಲರ್ರೋ ಮುಖಕ್ಕೆ ಸುತ್ಕೊಂಡು ಗುಂಪಲ್ಲೇ ನಿಲ್ಲೋದೂ ಬೇಡ, 2019ರಿಂದ ಪ್ರತಿಭಟನೆಲಿ ಗಲಾಟೆ ಆಗೋ ಹೊತ್ತಲ್ಲಿ ಕಾರಣ ಇಲ್ಲದೆ ಮುಖ ಮುಚ್ಚೋದೇ ಅಪರಾಧ.

ಓಡ್ಬೇಡಿ, ಜೋರಾಗಿ ನಡೀರಿ, ಗುಂಪು ಹೋಗೋ ದಿಕ್ಕಲ್ಲೂ ಅಲ್ಲ ಎದುರೂ ಅಲ್ಲ, ಅಡ್ಡ ರಸ್ತೆಗೆ. ಆರ್ಕ್ ಸುತ್ತ 12 ರಸ್ತೆ ಇರೋದ್ರಿಂದ ಇದು ಸುಲಭ. ಷಾಂಜೆಲಿಜೆ ಬಿಟ್ಟು ವಾಗ್ರಾಂ ರಸ್ತೆ ಹಿಡಿದ್ರೆ ಟೆರ್ನ್ ಮೆಟ್ರೋ ಸ್ಟೇಷನ್, ಲೈನ್ 2, ಇನ್ನೊಂದು ಕಡೆ ಕ್ಲೆಬರ್ ರಸ್ತೆಲಿ ಕ್ಲೆಬರ್ ಸ್ಟೇಷನ್, ಲೈನ್ 6, ಎರಡೂ ಹತ್ತು ನಿಮಿಷದ ನಡಿಗೆ. ಕಮಾನಿನ ಕೆಳಗಿನ ಎತ್ವಾಲ್ ಸ್ಟೇಷನ್ ನಂಬ್ಕೋಬೇಡಿ, ಗಲಾಟೆ ಅಂದ್ರೆ ಮೊದ್ಲು ಮುಚ್ಚೋದೇ ಅದು, ರೈಲು ನಿಲ್ಲಿಸ್ದೆ ಹೋಗ್ಬಿಡುತ್ತೆ. ನೀವು 284 ಮೆಟ್ಟಿಲು ಹತ್ತಿ ಮೇಲೇ ಇದ್ದೀರ ಅಂದ್ರೆ ಇಳಿಯೋ ಆತುರ ಬೇಡ. ಕಮಾನು ಸರ್ಕಲ್ ಮಧ್ಯದಲ್ಲಿದೆ, ಹೋಗಿ ಬರೋಕೆ ಸುರಂಗ ಮಾರ್ಗನೇ ಗತಿ, ಅಲ್ಲಿನ ಸ್ಟಾಫ್ ಹೇಳೋವರೆಗೂ ಅಲ್ಲೇ ಇರಿ, ಯಾವ ಕಡೆಯಿಂದ ಜನ ಬರ್ತಿದಾರೆ ಅನ್ನೋದೂ ಮೇಲಿಂದ ಕಾಣುತ್ತೆ.

ಜೊತೆಲಿ ವಯಸ್ಸಾದವರು ಇದ್ರೆ ಬೆಳಿಗ್ಗೆನೇ ಒಂದು ಜಾಗ ಫಿಕ್ಸ್ ಮಾಡಿ, "ತಪ್ಪಿಸ್ಕೊಂಡ್ರೆ ಈ ಹೋಟೆಲಿಗೇ ಬಾಮ್ಮ" ಅಂತ ಅಡ್ರೆಸ್ ಚೀಟಿ ಅವರ ಪರ್ಸಲ್ಲಿ ಇಡಿ. ಅತ್ತೆ ಮಾವನ ಫೋನಲ್ಲಿ ರೋಮಿಂಗ್ ಆನ್ ಇದ್ಯಾ ಅಂತನೂ ನೋಡ್ಬಿಡಿ. ದಾರಿ ಕಟ್ ಆದ್ರೆ ಯಾವ್ದಾದ್ರೂ ಕೆಫೆ ಒಳಗೆ ನುಗ್ಗಿ ಕಾಫಿ ಹೇಳಿ, ಕಿಟಕಿ ಪಕ್ಕ ಮಾತ್ರ ಕೂರ್ಬೇಡಿ. ಏಟು ಬಿದ್ರೆ 112.

ಟಿಯರ್ ಗ್ಯಾಸ್ ತಗುಲಿದ್ರೆ ಕಣ್ಣು ಉಜ್ಜಬೇಡಿ. ಗಾಳಿ ಬರೋ ಕಡೆಗೆ, ಸಾಧ್ಯ ಆದ್ರೆ ಎತ್ತರದ ಜಾಗಕ್ಕೆ ಹೋಗಿ, ಹೊಗೆ ಕೆಳಗೇ ಕೂರುತ್ತೆ. ಬಾಟಲಿ ನೀರಲ್ಲಿ ಕಣ್ಣು ತೊಳೀರಿ, ಹಾಲು ಗೀಲು ಹಾಕೋ ವಾಟ್ಸಾಪ್ ವೈದ್ಯ ಬೇಡ. ಕಾಂಟಾಕ್ಟ್ ಲೆನ್ಸ್ ಇದ್ರೆ ಕೈ ತೊಳ್ಕೊಂಡು ತೆಗೀರಿ. ಬಿದ್ದಿರೋ ಶೆಲ್ ಮುಟ್ಟಬೇಡಿ, ಸುಡ್ತಿರುತ್ತೆ. ರೂಮಿಗೆ ಬಂದು ಆ ಬಟ್ಟೆನ ಕವರಲ್ಲಿ ಕಟ್ಟಿಡಿ, ಸೂಟ್‌ಕೇಸಿಗೆ ಹಾಗೇ ತುರುಕಿದ್ರೆ ಉಳಿದ ಬಟ್ಟೆಗೂ ಆ ಪುಡಿ ಅಂಟ್ಕೊಂಡು ಊರಿಗೆ ಬಂದ್ಮೇಲೂ ಕಣ್ಣು ಉರಿಯುತ್ತೆ.