ಫೈನ್ ಅಂದರೆ ಸಾಕು ಅಂತಲೂ ಅರ್ಥ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ಮೂರೂವರೆ ಎಕರೆ ರೊಬಸ್ಟಾ ಕಾಫಿ ತೋಟ. ಮನೆಯ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿ ಆರು ವರ್ಷವಾಯಿತು. ನಾನು ಓದಿದ್ದು ಕನ್ನಡ ಮೀಡಿಯಂ. ಗೊತ್ತಿಲ್ಲದ ಇಂಗ್ಲಿಷ್ ಪದ ಬಂದರೆ ಮಗಳಿಗೆ ಫೋನ್ ಮಾಡಿ ಕೇಳುತ್ತಿದ್ದೆ. ಆದರೆ ಫೈನ್ ಅನ್ನೋದನ್ನು ಯಾಕೆ ಕೇಳಲಿ? ಅದು ಗೊತ್ತೇ ಇತ್ತಲ್ಲ. ಹೌ ಆರ್ ಯು ಅಂದರೆ ಫೈನ್, ಹೆಲ್ಮೆಟ್ ಹಾಕದೆ ಸಿಕ್ಕಿಬಿದ್ದರೂ ಫೈನ್.

ಮೊದಲ ವರ್ಷವೇ ಇಂಗ್ಲೆಂಡಿನ ಗಂಡ ಹೆಂಡತಿ ಬಂದಿದ್ದರು. ರಾತ್ರಿ ಊಟಕ್ಕೆ ಕಡಂಬುಟ್ಟು ಅಂದರೆ ಅಕ್ಕಿತರಿಯ ಉಂಡೆ, ಜೊತೆಗೆ ಹಂದಿಮಾಂಸದ ಪಂದಿಕರಿ. ಬಡಿಸುವುದು ಅತ್ತೆಯ ಕೆಲಸ, ಅದರಲ್ಲಿ ಅವರು ಯಾರ ಮಾತೂ ಕೇಳುವವರಲ್ಲ. ಆ ಹೆಂಗಸು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಐ ಆಮ್ ಫೈನ್" ಅಂದರು. ಅತ್ತೆ ನನ್ನ ಮುಖ ನೋಡಿದರು. "ಚೆನ್ನಾಗಿದೆ ಅಂತಿದ್ದಾರೆ ಅತ್ತೆ" ಅಂದೆ. ಇನ್ನೆರಡು ಕಡಂಬುಟ್ಟು ಬಿತ್ತು. ಮತ್ತೆ "ನೋ ನೋ, ಐ ಆಮ್ ಫೈನ್, ರಿಯಲಿ". ಮತ್ತೊಂದು ಸೌಟು ಕರಿ. ಪಾಪ, ಬೆಳಿಗ್ಗೆ ಅವರು ತಿಂಡಿಗೇ ಬರಲಿಲ್ಲ, ಬರೀ ಬೆಲ್ಲದ ಕಾಫಿ ಕುಡಿದು ಕೂತರು. ಮಗಳಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. "ಅಮ್ಮ, ಊಟಕ್ಕೆ ಕೂತವರು ಹಾಗಂದರೆ ಸಾಕು ಅಂತ."

ಅವತ್ತೇ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯಲು ಶುರು ಮಾಡಿದೆ. ಡಿಕ್ಷನರಿ ಥರ ಒಂದು ಪದಕ್ಕೆ ಹತ್ತು ಅರ್ಥ ಬರೆದಿಟ್ಟರೆ ನನ್ನ ತಲೆಯಲ್ಲಿ ನಿಲ್ಲಲ್ಲ. ಹಾಗಾಗಿ ಯಾರು, ಎಲ್ಲಿ, ಯಾವಾಗ ಅಂದರು ಅಂತ ಬರೆದು, ಅದೇ ಜಾಗದಲ್ಲಿ ನಾವಾಗಿದ್ದರೆ ಏನನ್ನುತ್ತಿದ್ದೆವು ಅಂತ ಪಕ್ಕದಲ್ಲಿ ಬರೆದೆ. ಊಟದ ಮೇಜು: ಸಾಕು. ಬಿಸಿನೀರು ಬರೋದು ಅರ್ಧ ಗಂಟೆ ತಡ ಅಂದಾಗ "ದಟ್ಸ್ ಫೈನ್": ಪರವಾಗಿಲ್ಲ ಬಿಡಿ. ಬರೀ "ಫೈನ್" ಅಂತ ಒಂದೇ ಪದ, ಮುಖ ಬೇರೆ ಕಡೆ ತಿರುಗಿಸಿ: ಸಿಟ್ಟು ಬಂದಿದೆ, ಬೇಗ ಏನಾದರೂ ಮಾಡು.

ಪುಸ್ತಕ ಇದ್ದರೂ ಎಡವಿದ್ದು ಮಳೆ ವಿಷಯದಲ್ಲಿ. ಜುಲೈ ತಿಂಗಳು, ಮಾಂದಲಪಟ್ಟಿ ಬೆಟ್ಟಕ್ಕೆ ಹೊರಟ ಹುಡುಗರು "ವಿಲ್ ಇಟ್ ಬಿ ಫೈನ್ ಟುಮಾರೋ?" ಅಂತ ಕೇಳಿದರು. ಜುಲೈಯಲ್ಲಿ ನಮಗೆ ರಸ್ತೆಗೆ ಮರ ಬೀಳದೆ ಜೀಪ್ ಓಡಿದರೆ ಎಲ್ಲಾ ಸರಿ ಅಂತಲೇ ಲೆಕ್ಕ. "ಯೆಸ್ ಯೆಸ್, ಫೈನ್" ಅಂದುಬಿಟ್ಟೆ. ಅವರು ಕೇಳಿದ್ದು ಹೊಳವಾಗುತ್ತಾ, ಬಿಸಿಲು ಬರುತ್ತಾ ಅಂತ. ರೈನ್‌ಕೋಟ್ ಇಲ್ಲಿಯೇ ಬಿಟ್ಟು ಹೋಗಿ, ತೊಯ್ದು ತೊಪ್ಪೆಯಾಗಿ, ಕಾಲ ತುಂಬಾ ಇಂಬಳ ಕಚ್ಚಿಸಿಕೊಂಡು ಬಂದರು. ತಮಾಷೆ ಏನಂದರೆ ಮಾರನೇ ವಾರ ಬಂದ ಮೇಡಂ ಒಬ್ಬರು ಜಗುಲಿಯಲ್ಲಿ ನಿಂತು ತುಂತುರು ನೋಡುತ್ತಾ "ಫೈನ್ ರೈನ್" ಅಂದರು. ಮಳೆ ಇಲ್ಲದಿದ್ದರೆ ಫೈನ್ ವೆದರ್, ಸಣ್ಣಗೆ ಜಿನುಗಿದರೆ ಫೈನ್ ರೈನ್. ಈ ಭಾಷೆ ಮಾಡಿದವರಿಗೆ ಒಂದು ನಮಸ್ಕಾರ.

ಈ ಸಣ್ಣ ಅನ್ನುವ ಅರ್ಥವೇ ನನಗೆ ದುಡ್ಡು ಖರ್ಚು ಮಾಡಿಸಿದ್ದು. ಪುಣೆಯವರೊಬ್ಬರು ಹೊರಡುವಾಗ ಕಾಫಿಪುಡಿ ಕೇಳಿದರು. "ನಾಟ್ ಟೂ ಫೈನ್ ಪ್ಲೀಸ್." ಜಾಸ್ತಿ ಒಳ್ಳೆಯದು ಬೇಡ, ಅಗ್ಗದ್ದು ಸಾಕು ಅಂತಿದ್ದಾರೆ ಅಂದುಕೊಂಡು, ಒಳಗೊಳಗೇ ಬೇಜಾರು ಮಾಡಿಕೊಂಡು, ಚಿಕೋರಿ ಹಾಕಿದ ಪುಡಿ ಅರ್ಧ ಕೆಜಿ ಕೊಟ್ಟೆ. ಅದೂ ಫಿಲ್ಟರ್‌ಗೆ ಅಂತ ನುಣ್ಣಗೆ ಮಾಡಿಸಿದ್ದು. ಅವರ ಮನೆಯಲ್ಲಿದ್ದದ್ದು ಫ್ರೆಂಚ್ ಪ್ರೆಸ್, ಜಾಲರಿ ಕೆಳಗೆ ಒತ್ತಿ ಕಾಫಿ ಸೋಸುವ ಪಾತ್ರೆ. ಅದರ ಜಾಲರಿಗೆ ರವೆ ಹಾಗೆ ತರಿತರಿ ಪುಡಿ ಬೇಕು, ನುಣ್ಣಗಿದ್ದರೆ ಚರಟವೆಲ್ಲ ಲೋಟಕ್ಕೆ ಇಳಿಯುತ್ತೆ. ಫೋಟೋ ಕಳಿಸಿದ್ದರು, ಲೋಟದ ತಳದಲ್ಲಿ ಒಂದು ಬೆರಳು ಕೆಸರು. ನನ್ನ ಖರ್ಚಿನಲ್ಲೇ ಬೇರೆ ಪುಡಿ ಕಳಿಸಿದೆ. ಈಗ ಫೈನ್ ಅನ್ನೋ ಪದವನ್ನೇ ಎತ್ತಲ್ಲ, ಮನೆಯಲ್ಲಿ ಯಾವುದರಲ್ಲಿ ಕಾಫಿ ಮಾಡ್ತೀರಿ ಅಂತ ಕೇಳುತ್ತೇನೆ.

ಇನ್ನೊಂದು ಗೊತ್ತಾಗಿದ್ದು ರಿವ್ಯೂ ಓದಿ. "ದ ರೂಮ್ ವಾಸ್ ಫೈನ್" ಅಂತ ಬರೆದಿದ್ದರು. ನಾನು ಖುಷಿಯಲ್ಲಿ ಅತ್ತೆಗೂ ಓದಿ ಹೇಳಿದೆ, ಆಮೇಲೆ ನೋಡಿದರೆ ಐದರಲ್ಲಿ ಮೂರೇ ಸ್ಟಾರ್. ಕೋಣೆ ಫೈನ್ ಆಗಿತ್ತು ಅಂದರೆ ಪರವಾಗಿಲ್ಲ, ನಡೆಯುತ್ತೆ, ಅಷ್ಟೇ. ಅದೇ ಪದ ಹೆಸರಿನ ಮುಂದೆ ಬಂದು "ಎ ಫೈನ್ ರೂಮ್" ಅಂತಾದರೆ ಭಾರಿ ಹೊಗಳಿಕೆ. ಜಾಗ ಬದಲಾದರೆ ಬೆಲೆಯೂ ಬದಲು.

ಇಷ್ಟೆಲ್ಲ ಒಂದೇ ಪದಕ್ಕೆ ಹೇಗೆ ಅಂತ ಮಗಳು ಹುಡುಕಿ ಹೇಳಿದಳು. ಮೂಲ ಲ್ಯಾಟಿನ್‌ನ ಫೀನಿಸ್, ಅಂದರೆ ಕೊನೆ. ಫಿನಿಶ್, ಫೈನಲ್ ಎಲ್ಲಾ ಅದರದ್ದೇ ಸಂಸಾರ. ದುಡ್ಡು ಕಟ್ಟಿದರೆ ವ್ಯಾಜ್ಯ ಮುಗೀತು, ಅದು ದಂಡದ ಫೈನ್. ಕೊನೆ ಮುಟ್ಟುವವರೆಗೆ ತಿದ್ದಿ ತೀಡಿದ್ದು ಗುಣದ ಫೈನ್. ತೀಡುತ್ತಾ ಹೋದರೆ ವಸ್ತು ಸಣ್ಣಗೂ ಆಗುತ್ತಲ್ವಾ, ಹಾಗೆ ನೆನಪಿಟ್ಟುಕೊಂಡಿದ್ದೇನೆ.

ನಮ್ಮ ತೋಟಕ್ಕೇ ತಾಗುವ ಫೈನ್ ಒಂದಿದೆ. ರುಚಿ ಪರೀಕ್ಷೆಯಲ್ಲಿ ನೂರಕ್ಕೆ 80 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ, ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾಗೆ ಸ್ಪೆಷಾಲಿಟಿ ಅನ್ನುತ್ತಾರೆ, ಅಷ್ಟೇ ಅಂಕ ಬಂದ ರೊಬಸ್ಟಾಗೆ ಫೈನ್ ರೊಬಸ್ಟಾ. ಕಳೆದ ವರ್ಷ ಪರಿಚಯದವರೊಬ್ಬರ ಹತ್ತಿರ ನಮ್ಮ ಕಾಫಿಯ ರುಚಿ ನೋಡಿಸಿದೆ. 77 ಬಂತು. "ಇಟ್ಸ್ ಫೈನ್, ಬಟ್ ನಾಟ್ ಫೈನ್" ಅಂದರು. ಪುಸ್ತಕ ತೆಗೆಯದೆಯೇ ಅರ್ಥವಾಯಿತು. ಹಣ್ಣಿನ ಜೊತೆ ಹಸಿರು ಕಾಯಿಯನ್ನೂ ಒಟ್ಟಿಗೆ ಉದುರಿಸಿದ್ದೆವು, ಆಳು ಸಿಗಲ್ಲ ಅಂತ. ಈ ಸಲ ಜನವರಿಯಲ್ಲಿ ಹಣ್ಣು ಮಾತ್ರ ಆರಿಸಿ ಒಂದು ಕುಯಿಲು, ಹದಿನೈದು ದಿನ ಬಿಟ್ಟು ಇನ್ನೊಂದು ಅಂತ ಮಾಡಿಕೊಂಡಿದ್ದೇವೆ. ಕೂಲಿ ಜಾಸ್ತಿ ಆಗುತ್ತೆ ಅಂತ ಮನೆಯವರು ಗೊಣಗಿದರು. ಕೊನೆಗೆ "ಸರಿ, ಫೈನ್" ಅಂದರು, ಮುಖ ಬೇರೆ ಕಡೆ ತಿರುಗಿಸಿ.