ಐದು ಗ್ಯಾಲನ್ ಬಿಯರ್‌ಗೆ ಎಷ್ಟು ನೀರು ಕುದಿಸಬೇಕು?

ಮನೆಯಲ್ಲೇ ಬಿಯರ್ ಮಾಡಲು ಅಮೆರಿಕದ ಅಂಗಡಿಗಳಲ್ಲಿ ಸಿಗುವ ಕಿಟ್‌ಗಳು ಸಾಮಾನ್ಯವಾಗಿ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಲೆಕ್ಕಕ್ಕೆ ಕಟ್ಟಿದವು. ಅರ್ಧದಷ್ಟು ನೀರಿನಲ್ಲಿ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ (ಮೊಳಕೆ ಬಾರ್ಲಿಯ ಸಿಹಿ ಸಾರ) ಮತ್ತು ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂ) ಕುದಿಸಿ, ಉಳಿದದ್ದಕ್ಕೆ ತಣ್ಣೀರು ಬೆರೆಸಿ ಎಂದು ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಸ್ವಲ್ಪ ಪಳಗಿದವರು ಇದನ್ನು ಒಪ್ಪುವುದಿಲ್ಲ, ಪೂರ್ತಿ ನೀರನ್ನೇ ಕುದಿಸಬೇಕು ಅನ್ನುತ್ತಾರೆ. ನಾನು ಎರಡೂ ರೀತಿ ಮಾಡುತ್ತೇನೆ. ಒಲೆಗೆ ತಾಕತ್ತಿಲ್ಲದೆ, ಕುದ್ದದ್ದನ್ನು ತಣಿಸುವ ಕಾಯಿಲ್ (ತಣ್ಣೀರು ಹರಿಯುವ ಸುರುಳಿ ಕೊಳವೆ) ಇಲ್ಲದೆ ಮಾಡುವ ಪೂರ್ತಿ ನೀರಿನ ಕುದಿತಕ್ಕಿಂತ, ಕ್ರಮವಾಗಿ ಮಾಡಿದ ಅರ್ಧ ನೀರಿನ ಕುದಿತವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಒಲೆಯ ಲೆಕ್ಕ. ಅಪಾರ್ಟ್‌ಮೆಂಟಿನ ಸಾಧಾರಣ ಒಲೆಯಿಂದ ಪಾತ್ರೆಯೊಳಕ್ಕೆ ಇಳಿಯುವ ಶಾಖ 1ರಿಂದ 2 ಕಿಲೋವ್ಯಾಟ್. 20 ಡಿಗ್ರಿಯ ಹತ್ತೂವರೆ ಲೀಟರ್ ನೀರು ಕುದಿಯಲು 2 ಕಿಲೋವ್ಯಾಟ್‌ನಲ್ಲಿ ಅರ್ಧ ಗಂಟೆ ಸಾಕು. 21 ಲೀಟರ್‌ಗೆ ಒಂದು ಗಂಟೆ. ಒಲೆ ಇನ್ನೂ ಮಂದವಾಗಿದ್ದರೆ ಒಂದೂವರೆ ಗಂಟೆ ದಾಟುತ್ತದೆ, ಆಮೇಲೂ ಮೇಲ್ಮೈ ಸಣ್ಣಗೆ ಅಲುಗಾಡುತ್ತದೆಯೇ ಹೊರತು ಕೊತಕೊತ ಕುದಿಯುವುದಿಲ್ಲ. ಚೆನ್ನಾಗಿ ಕುದಿಯದಿದ್ದರೆ ವರ್ಟಿನಲ್ಲಿರುವ (ಯೀಸ್ಟ್ ಹಾಕುವ ಮುಂಚಿನ ಸಿಹಿ ದ್ರವವೇ ವರ್ಟ್) ಪ್ರೋಟೀನ್ ಗಂಟುಗಟ್ಟಿ ಬೇರ್ಪಡುವುದಿಲ್ಲ, ಬಿಯರ್ ಮಬ್ಬಾಗಿ ಉಳಿಯುತ್ತದೆ. ಗಾಜಿನ ಮೇಲ್ಮೈಯ ಎಲೆಕ್ಟ್ರಿಕ್ ಒಲೆಗಳಿಗೆ ತೂಕದ ಮಿತಿಯೂ ಇರುತ್ತದೆ. ತುಂಬಿದ ದೊಡ್ಡ ಪಾತ್ರೆ ಇಡುವ ಮೊದಲು ಅದನ್ನು ಓದಿಕೊಳ್ಳಿ.

ಅರ್ಧ ನೀರಿನಲ್ಲಿ ಮಾಡುವಾಗ ನನ್ನ ಕ್ರಮ ಹೀಗಿದೆ. 20 ಲೀಟರ್ ಹಿಡಿಯುವ ದಪ್ಪ ತಳದ ಸ್ಟೀಲ್ ಪಾತ್ರೆಗೆ ಹತ್ತೂವರೆ ಲೀಟರ್ ನೀರು. ಕಿಟ್‌ನಲ್ಲಿ ನೆನೆಸುವ ಧಾನ್ಯವಿದ್ದರೆ ಬಟ್ಟೆಚೀಲದಲ್ಲಿ ಹಾಕಿ, 65ರಿಂದ 70 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ತೆಗೆಯುತ್ತೇನೆ. 77 ಡಿಗ್ರಿ ಮೀರಿದರೆ ಸಿಪ್ಪೆಯ ಒಗರು ಇಳಿಯುತ್ತದೆ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಆಮೇಲಷ್ಟೇ ಎಕ್ಸ್‌ಟ್ರ್ಯಾಕ್ಟ್ ಸುರಿಯುತ್ತೇನೆ. ಅದು ನೀರಿಗಿಂತ ಭಾರ, ನೇರ ತಳಕ್ಕೆ ಹೋಗಿ ಕೂರುತ್ತದೆ. ಕೆಳಗೆ ಬೆಂಕಿ ಇದ್ದರೆ ಬೆಲ್ಲದ ಪಾಕದಂತೆ ತಳ ಹಿಡಿಯುತ್ತದೆ, ಆ ಸೀದ ವಾಸನೆ ಬಾಟಲಿಯವರೆಗೂ ಬರುತ್ತದೆ. ಉದ್ದ ಸೌಟಿನಿಂದ ತಳ ಕೆರೆದು, ಏನೂ ಅಂಟಿಲ್ಲ ಎಂದು ಖಾತ್ರಿಯಾದ ಮೇಲೆ ಮತ್ತೆ ಒಲೆ ಹಚ್ಚಬೇಕು. ಮರುಕುದಿ ಬರುವ ಹೊತ್ತಿಗೆ ನೊರೆ ಎದ್ದು ಉಕ್ಕುತ್ತದೆ. ಪಾತ್ರೆಯ ಮೂರನೇ ಒಂದು ಭಾಗ ಖಾಲಿ ಇರಲಿ, ಆ ಐದು ನಿಮಿಷ ಅಲ್ಲಿಂದ ಕದಲಬೇಡಿ. ಹಾಪ್ಸ್ ಹಾಕುವುದು ಆ ನೊರೆ ಇಳಿದ ಮೇಲೆ.

ಮುಖ್ಯ ವಿಷಯ ಇರುವುದು ಇಲ್ಲೇ. ಕಿಟ್‌ನಲ್ಲಿ 1.5 ಕಿಲೋದ ಎರಡು ಡಬ್ಬಿ ದ್ರವ ಎಕ್ಸ್‌ಟ್ರ್ಯಾಕ್ಟ್ ಇದ್ದರೆ, ಆರಂಭದಲ್ಲಿ ಹಾಕುವುದು ಒಂದೇ ಡಬ್ಬಿ. ಎರಡನೆಯದು ಕುದಿತ ಮುಗಿಯಲು 10 ನಿಮಿಷ ಇರುವಾಗ. ಸಕ್ಕರೆ ಅಂಶ ಹೆಚ್ಚಾದ ವರ್ಟಿನಲ್ಲಿ ಹಾಪ್ಸ್‌ನ ಕಹಿ ಸರಿಯಾಗಿ ಉಳಿಯುವುದಿಲ್ಲ. ಮನೆಯಲ್ಲಿ ಬಿಯರ್ ಮಾಡುವವರು ಬಳಸುವ ಟಿನ್ಸೆತ್ ಸೂತ್ರದಿಂದ ಲೆಕ್ಕ ಹಾಕಿ ನೋಡೋಣ. 10 ಶೇಕಡಾ ಆಲ್ಫಾ ಆಮ್ಲದ (ಹಾಪ್ಸ್‌ಗೆ ಕಹಿ ಬರುವುದು ಇದರಿಂದ) 28 ಗ್ರಾಂ ಹಾಪ್ಸ್, 60 ನಿಮಿಷ ಕುದಿತ, ಕೊನೆಗೆ 19 ಲೀಟರ್. ಎರಡೂ ಡಬ್ಬಿ ಮೊದಲೇ ಸುರಿದರೆ ಕುದಿಯುವ ವರ್ಟಿನ ಸರಾಸರಿ ಗ್ರ್ಯಾವಿಟಿ (ನೀರನ್ನು 1.000 ಎಂದಿಟ್ಟುಕೊಂಡ ಸಾಂದ್ರತೆ) ಸುಮಾರು 1.078, ಸಿಗುವ ಕಹಿ 26 ಐಬಿಯು (ಬಿಯರಿನ ಕಹಿಯ ಅಳತೆ). ಒಂದೇ ಡಬ್ಬಿಯಿಂದ ಆರಂಭಿಸಿದರೆ ಗ್ರ್ಯಾವಿಟಿ 1.043ರ ಹತ್ತಿರ, ಕಹಿ 36. ಪೂರ್ತಿ ನೀರಿನಲ್ಲಿ ಎರಡು ಡಬ್ಬಿ ಕುದಿಸಿದರೂ ಗ್ರ್ಯಾವಿಟಿ ಅಷ್ಟೇ, ಕಹಿಯೂ ಅಷ್ಟೇ. ಒಂದು ಡಬ್ಬಿಯನ್ನು ತಡವಾಗಿ ಹಾಕಿದ್ದಕ್ಕೆ ಹತ್ತು ಐಬಿಯು ಲಾಭ. ಡೆನ್ವರ್‌ನಂಥ ಎತ್ತರದ ಊರುಗಳಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುವುದರಿಂದ ಈ ಅಂಕಿಗಳಿಗಿಂತ ಕಹಿ ಕಡಿಮೆ ಬರುತ್ತದೆ, ಹಾಪ್ಸ್ ಸ್ವಲ್ಪ ಹೆಚ್ಚಿಸಬೇಕು.

ಬಣ್ಣಕ್ಕೂ ಇದೇ ಉಪಾಯ. ಗಟ್ಟಿ ವರ್ಟ್ ಒಂದು ಗಂಟೆ ಕುದ್ದರೆ ಮೈಲಾರ್ಡ್ ಕ್ರಿಯೆಯಿಂದ (ಬ್ರೆಡ್ಡಿನ ಮೈ ಕಂದಾಗಿಸುವ ಕ್ರಿಯೆಯೇ ಇದು) ಕಪ್ಪಾಗುತ್ತದೆ, ಹೊನ್ನಿನ ಬಣ್ಣ ಬರಬೇಕಾದ ಪೇಲ್ ಏಲ್ ಬಿಯರ್ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಹಳೆಯ ದ್ರವ ಎಕ್ಸ್‌ಟ್ರ್ಯಾಕ್ಟ್ ಡಬ್ಬಿಯಲ್ಲೇ ಕಪ್ಪಾಗಿರುತ್ತದೆ, ಅದಕ್ಕೆ ಯಾವ ಕುದಿತವೂ ಪರಿಹಾರವಲ್ಲ. ತಿಳಿ ಬಣ್ಣ ಬೇಕಾದಾಗ ನಾನು ಒಣ ಪುಡಿಯನ್ನೇ ಕೊಳ್ಳುತ್ತೇನೆ. ಪುಡಿ ಬಿಸಿ ಆವಿಗೆ ಸಿಕ್ಕಿದರೆ ಕೈಗೂ ಚಮಚಕ್ಕೂ ಅಂಟಿಕೊಳ್ಳುತ್ತದೆ, ಆದ್ದರಿಂದ ಮೊದಲು ತಣ್ಣೀರಿನಲ್ಲಿ ಕದಡಿ ಆಮೇಲೆ ಸುರಿಯಬೇಕು.

ಅರ್ಧ ನೀರಿನ ಕುದಿತ ಸೋಲುವ ಒಂದು ಜಾಗ ಐಪಿಎ, ಅಂದರೆ ಹಾಪ್ಸ್ ಕಹಿ ಜೋರಾಗಿರುವ ಬಿಯರ್. ವರ್ಟಿನಲ್ಲಿ ನಿಲ್ಲುವ ಕಹಿಗೆ ಒಂದು ಮಿತಿಯಿದೆ, ಅದು 100 ಐಬಿಯು ಆಸುಪಾಸು. ಹತ್ತೂವರೆ ಲೀಟರ್‌ನಲ್ಲಿ 100 ಇದ್ದರೆ, 19 ಲೀಟರ್‌ಗೆ ನೀರು ಬೆರೆಸಿದಾಗ 55ಕ್ಕೆ ಇಳಿಯುತ್ತದೆ. ಇನ್ನೆಷ್ಟು ಹಾಪ್ಸ್ ಸುರಿದರೂ ಪಾತ್ರೆಯ ತಳದಲ್ಲಿ ಗಸಿ ಹೆಚ್ಚುತ್ತದೆ ಅಷ್ಟೆ. 60 ದಾಟಬೇಕಾದ ಬಿಯರ್‌ಗೆ ಪೂರ್ತಿ ನೀರಿನ ಕುದಿತವೇ ಬೇಕು. ಸ್ಟೌಟ್, ಬ್ರೌನ್ ಏಲ್, ಆಂಬರ್, ಗೋಧಿ ಬಿಯರ್‌ಗಳಿಗೆ ಅರ್ಧ ನೀರು ಧಾರಾಳ ಸಾಕು.

ಪೂರ್ತಿ ನೀರಿಗೆ 8ರಿಂದ 10 ಗ್ಯಾಲನ್ ಪಾತ್ರೆ, ಪ್ರೊಪೇನ್ ಬರ್ನರ್, ತಾಮ್ರದ ತಣಿಸುವ ಕಾಯಿಲ್ ಈ ಮೂರೂ ಬೇಕು. ಬರ್ನರ್ ಮನೆಯೊಳಗಾಗಲಿ ಗ್ಯಾರೇಜಿನೊಳಗಾಗಲಿ ಹಚ್ಚಲೇಬಾರದು, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಗಂಟೆಗೆ 3ರಿಂದ 4 ಲೀಟರ್ ಆವಿಯಾಗುವುದರಿಂದ ಆರಂಭದಲ್ಲಿ 23 ಲೀಟರ್ ವರ್ಟ್ ಇರಬೇಕು. ಅಂದರೆ 23 ಲೀಟರ್ ನೀರು ಎಂದಲ್ಲ. ಮೂರು ಕಿಲೋ ದ್ರವ ಎಕ್ಸ್‌ಟ್ರ್ಯಾಕ್ಟ್ ತಾನೇ ಎರಡು ಲೀಟರ್ ಜಾಗ ಹಿಡಿಯುತ್ತದೆ, ಆದ್ದರಿಂದ ನೀರು 21 ಲೀಟರ್. ಇದನ್ನು ಮರೆತವರ ಬಿಯರ್ ತೆಳ್ಳಗಾಗುತ್ತದೆ. 19 ಲೀಟರ್ ಕುದಿಯುವ ವರ್ಟನ್ನು ಎತ್ತಿ ಸಿಂಕಿಗೆ ಒಯ್ಯುವ ಸಾಹಸ ಬೇಡ. ಕಾಯಿಲನ್ನು ಕುದಿತದ ಕೊನೆಯ 15 ನಿಮಿಷ ಪಾತ್ರೆಯೊಳಗೇ ಇಟ್ಟರೆ ಅದು ಕ್ರಿಮಿಮುಕ್ತವಾಗುತ್ತದೆ, ಒಲೆ ಆರಿಸಿ ನೀರು ಹರಿಸಿದರಾಯಿತು. ಬರ್ನರ್ ಇಡಲು ಜಾಗವಿಲ್ಲದವರು ವರ್ಟನ್ನು ಎರಡು ಪಾತ್ರೆಗೆ ಹಂಚಿ ಎರಡು ಒಲೆಯ ಮೇಲೆ ಕುದಿಸಬಹುದು, ಹಾಪ್ಸನ್ನೂ ಸಮನಾಗಿ ಹಂಚಬೇಕು.

ಅರ್ಧ ನೀರಿನ ದೊಡ್ಡ ಅನುಕೂಲವೇ ತಣಿಸುವುದು. ಹತ್ತೂವರೆ ಲೀಟರನ್ನು ಐಸ್ ತುಂಬಿದ ಸಿಂಕಿನಲ್ಲಿಟ್ಟು, ಒಂದೆರಡು ಬಾರಿ ನೀರು ಬದಲಿಸಿ 35 ಡಿಗ್ರಿಗೆ ತರುತ್ತೇನೆ. ಅದಕ್ಕೆ ಫ್ರಿಜ್‌ನಲ್ಲಿದ್ದ 4 ಡಿಗ್ರಿಯ ಎಂಟೂವರೆ ಲೀಟರ್ ಸೇರಿದರೆ ಒಟ್ಟು 21 ಡಿಗ್ರಿ, ಏಲ್ ಯೀಸ್ಟ್ ಹಾಕಲು ತಕ್ಕ ಹದ. ಬೆರೆಸುವ ನೀರು ಮಾತ್ರ ಶುದ್ಧವಿರಬೇಕು, ಯಾಕೆಂದರೆ ಅದು ಮತ್ತೆ ಕುದಿಯುವುದಿಲ್ಲ. ಹಿಂದಿನ ದಿನ ಕುದಿಸಿ ಮುಚ್ಚಿ ಫ್ರಿಜ್‌ನಲ್ಲಿಡುತ್ತೇನೆ. ಕುದಿಸಿದರೆ ಕ್ಲೋರಿನ್ ಹೋಗುತ್ತದೆ, ಅನೇಕ ಊರುಗಳ ನಲ್ಲಿ ನೀರಿನಲ್ಲಿರುವ ಕ್ಲೋರಮೀನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅದು ಉಳಿದರೆ ಬಿಯರ್‌ಗೆ ಬ್ಯಾಂಡೇಜಿನ ವಾಸನೆ ಬರುತ್ತದೆ. ಎಲ್ಲ ನೀರಿಗೂ ಸೇರಿ ಕಾಲು ಕ್ಯಾಂಪ್‌ಡೆನ್ ಮಾತ್ರೆ (ಸಲ್ಫೈಟ್ ಮಾತ್ರೆ) ಪುಡಿ ಮಾಡಿ ಹಾಕಿದರೆ ಆ ತೊಂದರೆ ಇಲ್ಲ. ಆರ್‌ಒ ನೀರೂ ನಡೆಯುತ್ತದೆ, ಬೇಕಾದ ಖನಿಜಗಳು ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಮೊದಲೇ ಇರುತ್ತವೆ. ಕುದಿಸಿದ ನೀರಿನಲ್ಲಿ ಆಮ್ಲಜನಕ ಉಳಿದಿರುವುದಿಲ್ಲ, ಹಾಗಾಗಿ ಎಲ್ಲ ಬೆರೆಸಿದ ಮೇಲೆ ಫರ್ಮೆಂಟರನ್ನು (ಬಿಯರ್ ಹುದುಗುವ ಪಾತ್ರೆ) ಹಲವು ನಿಮಿಷ ಜೋರಾಗಿ ಅಲುಗಿಸಿ ಆಮೇಲೆ ಯೀಸ್ಟ್ ಹಾಕಬೇಕು.

ಈ ಹಂತದಲ್ಲಿ ಗ್ರ್ಯಾವಿಟಿ ಅಳೆಯುವ ಹೈಡ್ರೋಮೀಟರ್ ನೋಡಿ ಗಾಬರಿಯಾಗುವವರು ಬಹಳ. ಭಾರದ ವರ್ಟ್ ಕೆಳಗೆ, ಹಗುರ ನೀರು ಮೇಲೆ ನಿಂತಿರುತ್ತದೆ. ಮೇಲಿನಿಂದ ತೆಗೆದರೆ 1.030, ಕೆಳಗಿನ ನಲ್ಲಿಯಿಂದ ಹಿಡಿದರೆ 1.060 ತೋರಿಸಬಹುದು. ಅದನ್ನು ನಂಬಿ ಸಕ್ಕರೆಯನ್ನೋ ನೀರನ್ನೋ ಸೇರಿಸಬೇಡಿ. ಮೂರು ಕಿಲೋ ದ್ರವ ಎಕ್ಸ್‌ಟ್ರ್ಯಾಕ್ಟ್ ಪೂರ್ತಿ ಸೇರಿ, ಮಟ್ಟ 19 ಲೀಟರ್ ಗೆರೆಗೆ ಬಂದಿದ್ದರೆ ನಿಜವಾದ ಗ್ರ್ಯಾವಿಟಿ 1.047ರ ಸುತ್ತಲೇ ಇರುತ್ತದೆ.

ಮೊದಲೇ ಹಾಪ್ಸ್ ಸೇರಿಸಿದ ಡಬ್ಬಿಗಳ ವಿಷಯ ಬೇರೆ. ಕೂಪರ್ಸ್‌ನ 1.7 ಕಿಲೋ ಡಬ್ಬಿಯಂಥವುಗಳನ್ನು ಕುದಿಸುವುದೇ ಬೇಡ, ಕುದಿಸಿದರೆ ಇರುವ ಪರಿಮಳವೂ ಹೋಗುತ್ತದೆ. ಬಿಸಿ ನೀರಿನಲ್ಲಿ ಕರಗಿಸಿ ತಣ್ಣೀರು ಬೆರೆಸಿದರೆ ಸಾಕು. ಇನ್ನು ಕಾನೂನು: ಅಮೆರಿಕದ ಫೆಡರಲ್ ಕಾಯಿದೆಯ ಪ್ರಕಾರ ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಒಬ್ಬರೇ ಇದ್ದರೆ 100 ಗ್ಯಾಲನ್ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯಿದೆಯಡಿ ಅಪರಾಧ. ಊರಿಗೆ ಹೋಗುವಾಗ ಕಿಟ್ ಒಯ್ಯುವ ಯೋಚನೆ ಇದ್ದರೆ ಬಿಟ್ಟುಬಿಡಿ.